ಚಿನ್ನದ ನಾಡಿನ ಉದಯಗಿರಿ

ಕವಿಸಮಯದಂತೆ ಸೂರ್ಯನು ಮೂಡುವುದು ಉದಯಗಿರಿಯ ನೆತ್ತಿಯಲ್ಲಿ, ಮುಳುಗುವುದು ಅಸ್ತಗಿರಿಯ ಮರೆಯಲ್ಲಿ. ಮಹಾಕಾವ್ಯಕ್ಕೆ ಬೇಕೆಂದು ಲಾಕ್ಷಣಿಕರು ವಿಧಿಸಿರುವ ಹದಿನೆಂಟು ವರ್ಣನೆಗಳಲ್ಲಿ ಪರ್ವತವೂ ಒಂದು, ಸೂರ್ಯೋದಯವೂ ಒಂದು. ಆದರೆ ಕಾವ್ಯದ ಉದಯಗಿರಿ ಸೂರ್ಯನು ನಿಲ್ಲುವ ಬೆಟ್ಟ. ಪ್ರಯಾಣಿಕನು ಹುಡುಕುವುದು ತಾನು ನಿಲ್ಲಬೇಕಾದ ಬೆಟ್ಟವನ್ನು. ಇವೆರಡಕ್ಕೂ ಅಂತರ ಬಹಳ. ಅರ್ಘ್ಯವನ್ನು ಕೊಡುವವನಿಗೆ ಹೊಳೆಯ ದಡ ಸಾಕು, ಕೆರೆಯ ಸೋಪಾನ ಸಾಕು, ಹಿತ್ತಲಿನ ಬಾವಿಕಟ್ಟೆಯಾದರೂ ಸಾಕು. ಸೂರ್ಯನನ್ನು ಕಣ್ತುಂಬ ನೋಡುವುದಕ್ಕಾಗಿಯೇ ಇರುಳಿನಲ್ಲಿ ಎದ್ದು, ಪರಸ್ಥಳದ ಬೆಟ್ಟವೊಂದನ್ನು ಹತ್ತುವ ಪದ್ಧತಿ ಬೇರೆ ಬಗೆಯದು. ಅದಕ್ಕೂ ಒಂದು ಚರಿತ್ರೆಯುಂಟು.

ರೋಮನ್ ಚಕ್ರವರ್ತಿ ಹೇಡ್ರಿಯನ್ನನು ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಸಿಸಿಲಿ ದ್ವೀಪಕ್ಕೆ ಬಂದಾಗ, ಸೂರ್ಯೋದಯವನ್ನು ನೋಡಬೇಕೆಂದೇ ಎಟ್ನಾ ಎಂಬ ಜ್ವಾಲಾಮುಖಿಯನ್ನು ಹತ್ತಿದನೆಂದು ಅವನ ಚರಿತ್ರಕಾರರು ಹೇಳುವರು. ಅರಸನೊಬ್ಬನಿಗೆ ಅಂದು ಹುಟ್ಟಿದ ಈ ಹಂಬಲವು ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಸಾಮಾನ್ಯ ಪ್ರವಾಸಿಗಳ ಹವ್ಯಾಸವಾಯಿತು. ಸ್ವಿಟ್ಸರ್ಲೆಂಡಿನ ರೀಗಿ ಪರ್ವತದ ಮೇಲೆ ೧೮೧೬ರಲ್ಲಿ ಒಂದು ವಸತಿಗೃಹ ಎದ್ದಿತು; ೧೮೭೧ರಲ್ಲಿ ರೈಲೇ ಬೆಟ್ಟವನ್ನು ಹತ್ತಿತು. ನಸುಕಿನಲ್ಲಿ ಕೊಂಬನ್ನೂದಿ ಅತಿಥಿಗಳನ್ನು ಎಬ್ಬಿಸುವ ವಾಡಿಕೆ ಅಲ್ಲಿತ್ತು. ಅಮೆರಿಕದ ಹಾಸ್ಯಲೇಖಕ ಮಾರ್ಕ್ ಟ್ವೇನನು ೧೮೮೦ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಗ್ರಂಥದಲ್ಲಿ, ರೀಗಿಯ ಮೇಲೆ ಹಗಲೆಲ್ಲ ನಿದ್ದೆಮಾಡಿ ಎದ್ದವರು ಸೂರ್ಯಾಸ್ತವನ್ನೇ ಸೂರ್ಯೋದಯವೆಂದು ನೋಡುತ್ತ ನಿಂತ ಪ್ರಸಂಗವನ್ನು ವಿನೋದವಾಗಿ ಬರೆದಿದ್ದಾನೆ. ವಿನೋದದೊಳಗೆ ಒಂದು ವಿವೇಕವೂ ಅಡಗಿದೆ. ಎಲ್ಲರೂ ಹೋಗುವರೆಂದು ತಾನೂ ಹೋದವನಿಗೆ, ತಾನು ನೋಡುತ್ತಿರುವುದು ಯಾವ ದಿಕ್ಕೆಂಬುದೂ ಮರೆತುಹೋಗುತ್ತದೆ.

ಕನ್ನಡನಾಡಿನಲ್ಲಿ ರೀಗಿಯ ಸ್ಥಾನವನ್ನು ಪಡೆದಿರುವುದು ನಂದಿಬೆಟ್ಟ. ಬೆಂಗಳೂರಿನಿಂದ ಸೂರ್ಯೋದಯಕ್ಕಾಗಿ ಹೊರಡುವವರೆಲ್ಲ ಕತ್ತಲಿನಲ್ಲಿಯೇ ಅತ್ತ ಧಾವಿಸುವರು. ಆದರೆ ಬಂಗಾರಪೇಟೆಯಲ್ಲಿ ರೈಲಿನಿಂದ ಇಳಿದ ಪ್ರಯಾಣಿಕನು, ಅಥವಾ ಕೋಲಾರದ ಚಿನ್ನದ ಗಣಿಗಳ ಊರಿಗೆ ನೆಂಟರ ಮನೆಗೆ ಬಂದವನು, ಸೂರ್ಯೋದಯವನ್ನು ನೋಡಲು ಯಾವ ಬೆಟ್ಟವನ್ನು ಆರಿಸಿಕೊಳ್ಳಬೇಕು? ಈ ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಉತ್ತರವನ್ನು ಹುಡುಕುತ್ತ ಹೋದರೆ ಮಾತ್ರ ಈ ಸೀಮೆಯ ಸಾವಿರದೈನೂರು ವರ್ಷಗಳ ಚರಿತ್ರೆ ಒಂದೊಂದು ಬೆಟ್ಟದಿಂದಲೂ ಒಂದೊಂದು ಬಗೆಯಾಗಿ ಗೋಚರಿಸುತ್ತದೆ.

ಮೊದಲು ದೇಶದ ಸ್ಥಿತಿಯನ್ನು ಗಮನಿಸಬೇಕು. ಕೋಲಾರವು ಕರ್ನಾಟಕದ ಪೂರ್ವದ ತುತ್ತತುದಿಯ ಜಿಲ್ಲೆ. ಆದಕಾರಣ ವರ್ಷದಲ್ಲಿ ಅರ್ಧಕ್ಕೂ ಮಿಕ್ಕ ದಿನಗಳಲ್ಲಿ ಈ ರಾಜ್ಯದೊಳಗೆ ಸೂರ್ಯನ ಮೊದಲ ಕಿರಣ ಬೀಳುವುದು ಇಲ್ಲಿಯೇ. ಬೇಸಗೆಯ ತಿಂಗಳುಗಳಲ್ಲಿ ಮಾತ್ರ, ಸೂರ್ಯನು ಉತ್ತರಕ್ಕೆ ಸರಿದಿರುವುದರಿಂದ, ಆ ಅಗ್ರಪೂಜೆ ಬೀದರಿಗೆ ಸಲ್ಲುತ್ತದೆ. ಹೆಚ್ಚುಕಡಮೆ ಒಂದೇ ಅಕ್ಷಾಂಶದಲ್ಲಿರುವ ಮಂಗಳೂರಿನಲ್ಲಿ ಸೂರ್ಯನು ಮೂಡುವುದಕ್ಕಿಂತ ಸುಮಾರು ಹದಿನಾಲ್ಕು ನಿಮಿಷ ಮೊದಲೇ ಗಣಿಯ ಊರಿನಲ್ಲಿ ಮೂಡಿರುತ್ತಾನೆ. ಗಡಿಯಾಚೆ ಆಂಧ್ರದ ಚಿತ್ತೂರು ಸೀಮೆ, ದಕ್ಷಿಣದಲ್ಲಿ ತಮಿಳುನಾಡು. ನಡುವೆ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಕೇಳಿಬರುವ ಬಯಲು. ಆ ಬಯಲಿನಿಂದ ಅಲ್ಲಲ್ಲಿ ಬಂಡೆಗಲ್ಲಿನ ಗುಡ್ಡಗಳು ಒಂಟಿಯಾಗಿ ಎದ್ದು ನಿಂತಿವೆ. ಉದಯದರ್ಶನಕ್ಕೆ ಇದಕ್ಕಿಂತ ಅನುಕೂಲವಾದ ಭೂಮಿ ಅಪರೂಪ.

ಬೆಟ್ಟವು ಎತ್ತರವಾದಷ್ಟೂ ಒಳ್ಳೆಯದೆಂಬ ಭಾವನೆ ಸಾಮಾನ್ಯವಾಗಿದೆ. ಲೆಕ್ಕಹಾಕಿ ನೋಡಿದರೆ ಅದು ಅಷ್ಟೇನೂ ನಿಜವಲ್ಲ. ಸುತ್ತಲ ಬಯಲಿಗಿಂತ ಮುನ್ನೂರು ಅಡಿ ಮೇಲೆ ನಿಂತವನಿಗೆ, ಬಯಲಿನಲ್ಲಿರುವವನಿಗಿಂತ ಸೂರ್ಯನು ಸುಮಾರು ಒಂದು ನಿಮಿಷ ಮೊದಲು ಕಾಣುತ್ತಾನೆ. ಎರಡು ಸಾವಿರ ಅಡಿ ಹತ್ತಿದರೂ ಸಿಗುವ ಲಾಭ ಮೂರು ನಿಮಿಷದಷ್ಟು. ಎತ್ತರದಿಂದ ಕಾಲವು ಹೆಚ್ಚೇನೂ ದಕ್ಕುವುದಿಲ್ಲ. ಬೇಕಾದದ್ದು ಮೂರು ಗುಣ: ಪೂರ್ವಕ್ಕೆ ಅಡ್ಡವಿಲ್ಲದ ದಿಗಂತ, ಕತ್ತಲಿನಲ್ಲಿ ಕ್ಷೇಮವಾಗಿ ಹತ್ತಬಹುದಾದ ದಾರಿ, ಮತ್ತು ಬೆಳಕು ಬಿದ್ದಾಗ ನೋಡಲು ಯೋಗ್ಯವಾದ ನೆಲ. ಮೊದಲಿನೆರಡು ಗುಣಗಳು ಹಲವು ಬೆಟ್ಟಗಳಿಗೆ ಉಂಟು. ಮೂರನೆಯದರಲ್ಲಿಯೇ ಆಯ್ಕೆಯ ತಾರತಮ್ಯವೆಲ್ಲ ಇರುವುದು.

ಈ ಸೀಮೆಯಲ್ಲಿ ಬೆಟ್ಟಗಳನ್ನು ಆರಿಸಿದವರಲ್ಲಿ ಅರಸರು ಮೊದಲಿಗರು. ತಲಕಾಡಿನ ಗಂಗರು ತಮ್ಮ ಶಾಸನಗಳಲ್ಲಿ ಕುವಲಾಲಪುರವರೇಶ್ವರರೆಂದೂ ನಂದಗಿರಿನಾಥರೆಂದೂ ಹೇಳಿಕೊಳ್ಳುವರು. ಕುವಲಾಲವೆಂದರೆ ಇಂದಿನ ಕೋಲಾರ, ಅವರ ಮೊದಲ ರಾಜಧಾನಿ, ನಂದಗಿರಿಯೆಂದರೆ ನಂದಿಬೆಟ್ಟ. ಒಂದು ಊರು, ಒಂದು ಬೆಟ್ಟ, ಇವೆರಡರ ಒಡೆತನದಿಂದ ಅರಸುತನ ಪೂರ್ಣವಾಯಿತೆಂಬ ಭಾವನೆ ಆ ಬಿರುದುಗಳಲ್ಲಿ ವ್ಯಕ್ತವಾಗುತ್ತದೆ. ಊರು ಆಳುವುದಕ್ಕೆ, ಬೆಟ್ಟ ಕಾಯುವುದಕ್ಕೆ. ಗಣಿಗಳ ಹಳೆಯ ಅಗೆತಗಳಲ್ಲಿ ಸಿಕ್ಕಿದ ಮರದ ತುಂಡುಗಳನ್ನು ಇಂಗಾಲದ ಪರೀಕ್ಷೆಗೆ ಒಳಪಡಿಸಿದಾಗ, ಅವು ಕ್ರಿಸ್ತಶಕದ ಮೊದಲ ಸಾವಿರ ವರ್ಷಗಳ ನಡುಭಾಗಕ್ಕೆ ಸೇರಿದವೆಂದು ಕಂಡುಬಂದಿತು. ಗಂಗರ ಕಾಲದಲ್ಲಿಯೇ ಈ ನೆಲದಡಿ ಚಿನ್ನಕ್ಕಾಗಿ ಮನುಷ್ಯರು ಇಳಿಯುತ್ತಿದ್ದರು. ಅರಸನ ಕಣ್ಣು ಬೆಟ್ಟದ ಮೇಲಿದ್ದಾಗ ಆಳಿನ ಕೈ ನೆಲದೊಳಗಿತ್ತು.

ಎರಡನೆಯವರು ತಪಸ್ವಿಗಳೂ ಭಕ್ತರೂ. ಕೋಲಾರ ಪಟ್ಟಣದ ಪಶ್ಚಿಮಕ್ಕೆ ಚಾಚಿರುವ ಶತಶೃಂಗ ಪರ್ವತದ ಮೈಮೇಲೆ ಅಂತರಗಂಗೆಯಿದೆ. ಅಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಸುರಿಯುತ್ತದೆ. ಬೆಟ್ಟದ ನೆತ್ತಿ ಸಮತಟ್ಟಾಗಿ ಹರಡಿಕೊಂಡು, ತೇರಹಳ್ಳಿ ಮೊದಲಾದ ಹಳ್ಳಿಗಳಿಗೆ ಮೇಲೆಯೇ ಹೊಲಮನೆಗಳಿವೆ. ಊರಿನ ಪಶ್ಚಿಮಕ್ಕೆ ಬೆಟ್ಟವಿರುವುದರಿಂದ, ಅದರ ಮೇಲೆ ನಿಂತವನ ಎದುರಿಗೆ ಪಟ್ಟಣ, ಪಟ್ಟಣದಾಚೆ ಬಯಲು, ಬಯಲಿನಾಚೆ ಸೂರ್ಯ. ಈಚಿನ ವರ್ಷಗಳಲ್ಲಿ ತರುಣರು ಇರುಳಿನಲ್ಲಿ ದೀವಟಿಗೆಯ ಬದಲು ವಿದ್ಯುದ್ದೀಪ ಹಿಡಿದು, ಬಂಡೆಗಳ ಸಂದಿನ ಗುಹೆಗಳನ್ನು ದಾಟಿ ಇಲ್ಲಿಗೆ ಹತ್ತುವರು.

ಮುಳಬಾಗಿಲು ತಾಲ್ಲೂಕಿನ ಆವಣಿಯ ಬೆಟ್ಟ ಇದಕ್ಕಿಂತಲೂ ಗಂಭೀರವಾದದ್ದು. ವಾಲ್ಮೀಕಿಯ ಆಶ್ರಮವಿದ್ದುದು ಅಲ್ಲಿ, ಲವಕುಶರು ಹುಟ್ಟಿದ್ದು ಅಲ್ಲಿ, ಎಂದು ಸೀಮೆಯ ಜನರ ನಂಬಿಕೆ. ಬೆಟ್ಟದ ಮೇಲೆ ಸೀತೆಯ ಗುಡಿ. ಬುಡದಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯಗಳ ಗುಂಪು. ತ್ರಿಭುವನಕರ್ತಾರನೆಂಬ ಯತಿಯು ನಲವತ್ತು ವರ್ಷ ಈ ಸ್ಥಾನವನ್ನು ಆಳಿ, ಐವತ್ತು ದೇಗುಲಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿ, ೯೩೧ರ ಸುಮಾರಿನಲ್ಲಿ ದೇಹ ಬಿಟ್ಟನೆಂದು ಶಾಸನದಿಂದ ತಿಳಿಯುತ್ತದೆ. ಯತಿಯೊಬ್ಬನು ದೇಗುಲದೊಡನೆ ಕೆರೆಯನ್ನೂ ಲೆಕ್ಕಕ್ಕೆ ಹಿಡಿದದ್ದು ಈ ಬರದ ಸೀಮೆಗೆ ತಕ್ಕ ಮಾತೇ ಸರಿ. ಬೆಳಗಿನಲ್ಲಿ ಬೆಟ್ಟದಿಂದ ನೋಡುವವನಿಗೆ ಮೊದಲು ಹೊಳೆಯುವುದು ಗೋಪುರವಲ್ಲ, ಕೆರೆಯ ನೀರು.

ಮೂರನೆಯವರು ಸೈನಿಕರು. ಬಂಗಾರಪೇಟೆಯ ದಕ್ಷಿಣಕ್ಕಿರುವ ಬೂದಿಕೋಟೆಯ ಬಂಡೆಬೆಟ್ಟದ ಮೇಲೆ ಕೋಟೆಯ ಅವಶೇಷಗಳಿವೆ. ಸಿರಾದ ನವಾಬನ ಕೈಕೆಳಗೆ ಕೋಲಾರದ ಫೌಜುದಾರನಾಗಿದ್ದ ಫತೇಮಹಮ್ಮದನಿಗೆ ಈ ಊರು ಜಹಗೀರಾಗಿತ್ತು. ಅವನ ಮಗ ಹೈದರಾಲಿ ಹುಟ್ಟಿದ್ದು ಇಲ್ಲಿಯೇ. ಹೈದರನ ಮಗ ಟಿಪ್ಪುವಿನ ಕಾಲದಲ್ಲಿ ನಂದಿದುರ್ಗವು ಅಭೇದ್ಯವೆಂಬ ಕೀರ್ತಿಯನ್ನು ಪಡೆದಿದ್ದು, ೧೭೯೧ನೆಯ ಇಸವಿ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ ಸೋತಿತು. ಗೆದ್ದವರು ಮುಂದೆ ಅದನ್ನು ವಿಶ್ರಾಂತಿಯ ನೆಲೆಯಾಗಿ ಮಾಡಿಕೊಂಡರು. ಕಮಿಷನರ್ ಮಾರ್ಕ್ ಕಬ್ಬನ್ ಅಲ್ಲಿ ಬಂಗಲೆಯನ್ನು ಕಟ್ಟಿಸಿದನು. ಮಹಾತ್ಮ ಗಾಂಧಿಯವರು ೧೯೨೭ರಲ್ಲಿಯೂ ೧೯೩೬ರಲ್ಲಿಯೂ ಆರೋಗ್ಯಕ್ಕಾಗಿ ಅಲ್ಲಿ ತಂಗಿದರು. ೪,೮೫೧ ಅಡಿ ಎತ್ತರದ ಆ ದುರ್ಗ ಹೀಗೆ ಕಾವಲಿನ ಬೆಟ್ಟವಾಗಿದ್ದುದು ವಿಹಾರದ ಬೆಟ್ಟವಾಯಿತು. ಮಂಜು ಕೆಳಗೆ ಹಾಲಿನ ಕಡಲಿನಂತೆ ಹರಡಿದಾಗ ಅಲ್ಲಿಯ ನೋಟ ಮನೋಹರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಮಂಜು ನೆಲವನ್ನು ಮುಚ್ಚಿಬಿಡುತ್ತದೆ. ಸೂರ್ಯನು ಕಾಣುತ್ತಾನೆ, ನಾಡು ಕಾಣುವುದಿಲ್ಲ. ಗಣಿಯ ಊರಿಗೆ ಬಂದವನು ಅರವತ್ತು ಮೈಲಿ ಹಿಂದಿರುಗಿ ನಂದಿಗೆ ಹೋದರೆ, ತಾನು ಬಂದ ನಾಡನ್ನು ಬೆನ್ನಹಿಂದೆ ಬಿಟ್ಟು ಸೂರ್ಯನನ್ನು ನೋಡಿದಂತಾಗುತ್ತದೆ.

ನಾಲ್ಕನೆಯವರು ಭೂಮಿಯನ್ನು ಅಳೆಯುವವರು. ಶ್ರೀರಂಗಪಟ್ಟಣವು ೧೭೯೯ರಲ್ಲಿ ಬಿದ್ದ ಮೇಲೆ ಮೈಸೂರು ರಾಜ್ಯದ ಎಲ್ಲೆಗಳನ್ನು ಹೊಸದಾಗಿ ಗೊತ್ತುಮಾಡಬೇಕಾಯಿತು. ಅದೇ ಕಾಲದಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ಭರತಖಂಡವನ್ನೇ ತ್ರಿಕೋನಗಳಿಂದ ಅಳೆಯುವ ಮಹಾಕಾರ್ಯವನ್ನು ಹೂಡಿ, ೧೮೦೨ರಲ್ಲಿ ಮದರಾಸಿನಲ್ಲಿ ಅದರ ತಳರೇಖೆಯನ್ನು ಅಳೆದನು. ಅಳೆಯುವವರಿಗೆ ಬೆಟ್ಟವು ದೇವರ ಸ್ಥಾನವೂ ಅಲ್ಲ, ಕೋಟೆಯ ಸ್ಥಾನವೂ ಅಲ್ಲ; ಒಂದರಿಂದ ಇನ್ನೊಂದು ಕಾಣಬೇಕೆಂಬುದೇ ಅವರಿಗೆ ಮುಖ್ಯ. ಲ್ಯಾಂಬ್ಟನ್ನನ ಸಹಾಯಕರಲ್ಲಿ ೩೩ನೆಯ ರೆಜಿಮೆಂಟಿನ ಲೆಫ್ಟಿನೆಂಟ್ ಜಾನ್ ವಾರೆನ್ ಒಬ್ಬ. ಹುಟ್ಟಿನಿಂದ ಫ್ರೆಂಚ್ ದೇಶದವನಾದ ಈತನು ಮೈಸೂರಿನ ಪೂರ್ವದ ಎಲ್ಲೆಯನ್ನು ಅಳೆಯುತ್ತಿದ್ದಾಗ, ೧೮೦೨ರಲ್ಲಿ, ಬೂದಿಕೋಟೆಗೆ ಪೂರ್ವಕ್ಕೆ ಸುಮಾರು ಒಂಬತ್ತು ಮೈಲಿಯ ಚಿಕ್ಕದೊಂದು ಬೆಟ್ಟದ ಹತ್ತಿರ ಮಣ್ಣಿನಲ್ಲಿ ಚಿನ್ನ ಸಿಗುತ್ತದೆಂಬ ಜನವಾರ್ತೆಯನ್ನು ಕೇಳಿದನು. ಬೆಟ್ಟದ ಹೆಸರನ್ನು ಅವನು ತನ್ನ ಕಿವಿಗೆ ಬಿದ್ದಂತೆ ವಕ್ರವಾಗಿ ಬರೆದುಕೊಂಡನು. ಆ ವಕ್ರರೂಪದೊಳಗೆ ಬೇಟರಾಯನೆಂಬ ದೇವರ ಹೆಸರು ಇಂದಿಗೂ ಗುರುತು ಸಿಗುವಂತಿದೆ. ಬೇಟೆಯಾಡುವ ವೆಂಕಟರಮಣನು ಈ ಗಡಿನಾಡಿನಲ್ಲಿ ಆ ಹೆಸರಿನಿಂದ ಪೂಜೆಗೊಳ್ಳುವನು.

ವಾರೆನ್ ಬಹುಮಾನವನ್ನು ಸಾರಿದನು. ಊರಿಗಾಂ ಹಳ್ಳಿಯವರು ಗಾಡಿಗಳಲ್ಲಿ ಮಣ್ಣನ್ನು ತಂದು, ಅವನ ಎದುರಿನಲ್ಲಿಯೇ ನೀರಿನಲ್ಲಿ ತೊಳೆದು, ತಳದಲ್ಲಿ ಉಳಿದ ಚಿನ್ನದ ಕಣಗಳನ್ನು ತೋರಿಸಿದರು. ಮಾರಿಕುಪ್ಪದಲ್ಲಿ ಹೊಲೆಯರು ಮೂವತ್ತು ನಲವತ್ತು ಅಡಿ ಆಳದ ಗುಂಡಿಗಳಲ್ಲಿ ಇಳಿದು ಕಲ್ಲನ್ನು ಒಡೆಯುತ್ತಿದ್ದುದನ್ನೂ ಅವನು ಕಂಡು ಬರೆದಿಟ್ಟನು. ದೂರವನ್ನು ನೋಡಲೆಂದು ಬೆಟ್ಟಗಳನ್ನು ಅರಸಿ ಬಂದವನಿಗೆ ಆಳದ ಸುದ್ದಿ ಸಿಕ್ಕಿತು! ಈತನೇ ಮುಂದೆ ಕೆಲವು ಕಾಲ ಮದರಾಸಿನ ಖಗೋಳ ವೀಕ್ಷಣಾಲಯವನ್ನು ನೋಡಿಕೊಂಡು, ದಕ್ಷಿಣ ಭಾರತದ ಜನರು ಸೂರ್ಯಚಂದ್ರರ ಗತಿಯಿಂದ ಕಾಲವನ್ನು ಎಣಿಸುವ ಬಗೆಯನ್ನು ಕುರಿತು 'ಕಾಲಸಂಕಲಿತ' ಎಂಬ ದೊಡ್ಡ ಗ್ರಂಥವನ್ನು ೧೮೨೫ರಲ್ಲಿ ಪ್ರಕಟಿಸಿದನು. ಚಿನ್ನದ ವಾರ್ತೆಯನ್ನು ಹೊರಜಗತ್ತಿಗೆ ತಿಳಿಸಿದವನೂ, ನಮ್ಮ ಪಂಚಾಂಗದ ಸೂರ್ಯೋದಯವನ್ನು ಲೆಕ್ಕಹಾಕಿ ತಿಳಿಸಿದವನೂ ಒಬ್ಬನೇ ಆದುದು ವಿಸ್ಮಯ.

ಆ ವಾರ್ತೆ ಎಪ್ಪತ್ತು ವರ್ಷ ಕಾಗದದಲ್ಲಿಯೇ ಮಲಗಿತ್ತು. ಅಷ್ಟರಲ್ಲಿ ೧೮೬೪ರಲ್ಲಿ ಮದರಾಸಿನ ರೈಲು ಜೋಲಾರಪೇಟೆಯಿಂದ ಬೆಂಗಳೂರು ದಂಡನ್ನು ಮುಟ್ಟಿತು. ಆ ಕಾಲದ ಕಮಿಷನರ್ ಬೌರಿಂಗನ ಹೆಸರು ದಾರಿಯ ಒಂದು ನಿಲ್ದಾಣಕ್ಕೆ ನಿಂತು ಬೌರಿಂಗ್‌ಪೇಟೆಯಾಯಿತು. ಅದೇ ಇಂದಿನ ಬಂಗಾರಪೇಟೆ. ಬೆಂಗಳೂರು ದಂಡಿನಲ್ಲಿ ನೆಲಸಿದ್ದ ಮೈಕೇಲ್ ಲೆವೆಲ್ ಎಂಬ ನಿವೃತ್ತ ಸೈನಿಕನು ವಾರೆನ್ನನ ಬರೆಹವನ್ನು ಓದಿ ೧೮೭೧ರಲ್ಲಿ ಎತ್ತಿನ ಗಾಡಿಯಲ್ಲಿ ಇಲ್ಲಿಗೆ ಬಂದನು. ೧೮೮೦ರಿಂದ ಜಾನ್ ಟೇಲರ್ ಕಂಪೆನಿಯವರ ಆಡಳಿತ ಬೇರೂರಿತು. ೧೮೯೪ರಲ್ಲಿ ಮಾರಿಕುಪ್ಪದವರೆಗೆ ಹತ್ತು ಮೈಲಿಯ ಕವಲು ರೈಲು ಬಂದಿತು. ೧೯೦೨ರಲ್ಲಿ ಶಿವನಸಮುದ್ರದ ಕಾವೇರಿಯ ವಿದ್ಯುಚ್ಛಕ್ತಿ ತೊಂಬತ್ತಕ್ಕೂ ಹೆಚ್ಚು ಮೈಲಿ ಹರಿದು ಗಣಿಗಳನ್ನು ಮುಟ್ಟಿತು. ಬೆಂಗಳೂರಿನ ಬೀದಿಗಳಿಗೆ ಅದು ಬಂದುದು ಮೂರು ವರ್ಷಗಳ ತರುವಾಯ.

ಅಲ್ಲಿಂದ ಮುಂದೆ ಈ ನಾಡಿನ ದೃಷ್ಟಿ ಮೇಲಿನಿಂದ ಕೆಳಕ್ಕೆ ತಿರುಗಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂದು ಗಣಿಗಳ ಹೆಸರು. ನೆತ್ತಿಯ ಮೇಲೆ ಮೋಡಗಳನ್ನು ಹೊತ್ತ ನಂದಿದುರ್ಗದ ಹೆಸರೇ ಪಾತಾಳಕ್ಕೆ ಇಳಿಯುವ ಗಣಿಗೆ ಬಂದಿತು. ಕೊನೆಕೊನೆಗೆ ಚಾಂಪಿಯನ್ ರೀಫಿನ ಆಳ ಹತ್ತು ಸಾವಿರ ಅಡಿಯನ್ನು ಮೀರಿತು. ಅಲ್ಲಿ ಬಂಡೆಯ ಕಾವು ಅರವತ್ತು ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲೆ. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ಬಂದ ಸಾವಿರಾರು ಕೂಲಿಗಳು, ಅವರಲ್ಲಿ ಬಹುಮಂದಿ ಆದಿದ್ರಾವಿಡರು, ತಟ್ಟಿಯ ಗುಡಿಸಿಲುಗಳ 'ಲೈನು'ಗಳಲ್ಲಿ ಸಂಸಾರ ಹೂಡಿದರು. ಬೆಳಗಿನ ಪಾಳಿಯವನು ಕೇಜನ್ನು ಏರಿ ಇಳಿದುಹೋದನೆಂದರೆ, ಆ ದಿನದ ಬಿಸಿಲನ್ನು ಅವನು ಕಾಣುವುದು ಇಳಿಹೊತ್ತಿನಲ್ಲಿ. ಬಂಡೆ ಸಿಡಿದು ಒಳಗೇ ಉಳಿದವನಿಗೆ ಅದೂ ಇಲ್ಲ. ಉದಯರವಿಯ ಬಣ್ಣವೇ ಚಿನ್ನವೆಂದು ಕವಿಗಳು ಹೇಳುವರು. ಆ ಬಣ್ಣದ ಲೋಹವನ್ನು ತೆಗೆದವರಿಗೆ ಉದಯರವಿಯೇ ಅಪರೂಪವಾಗಿದ್ದನು.

ನೋಡುವ ನೆಲೆಯ ಆಯ್ಕೆಗೆ ಈ ಗಣಿಗಳಲ್ಲಿಯೇ ಒಂದು ವಿಚಿತ್ರವಾದ ದೃಷ್ಟಾಂತವುಂಟು. ಆಕಾಶದಿಂದ ಸದಾ ಸುರಿಯುವ ವಿಶ್ವಕಿರಣಗಳ ಗದ್ದಲದಲ್ಲಿ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣವನ್ನು ಗುರುತಿಸುವುದು ಕಷ್ಟ. ಉಳಿದ ಕಿರಣಗಳನ್ನು ಬಂಡೆ ತಡೆದುಬಿಡುವಷ್ಟು ಆಳಕ್ಕೆ ಹೋದರೆ ಆ ಕಣವೊಂದೇ ಅಲ್ಲಿಯವರೆಗೆ ಬರಬಲ್ಲದು. ಹೀಗೆಂದು ಬೊಂಬಾಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಂ ವಿಶ್ವವಿದ್ಯಾಲಯಗಳವರೊಡನೆ ಕೂಡಿ ಚಾಂಪಿಯನ್ ರೀಫಿನ ಒಳಗೆ ಸುಮಾರು ಒಂದೂವರೆ ಮೈಲಿ ಆಳದಲ್ಲಿ ಯಂತ್ರಗಳನ್ನಿಟ್ಟು, ೧೯೬೫ರಲ್ಲಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳನ್ನು ಕಂಡುಹಿಡಿದರು. ಆಕಾಶದ ಅತಿಥಿಯನ್ನು ನೋಡಲು ವಿಜ್ಞಾನಿಗಳು ಆರಿಸಿಕೊಂಡ 'ಬೆಟ್ಟ' ನೆಲದಡಿಯದು. ಏನನ್ನು ನೋಡಬೇಕೆಂಬುದು ನಿಶ್ಚಯವಾದರೆ ಎಲ್ಲಿ ನಿಲ್ಲಬೇಕೆಂಬುದು ತಾನಾಗಿ ನಿಶ್ಚಯವಾಗುತ್ತದೆ.

ಗಣಿಗಳನ್ನು ೧೯೫೬ರಲ್ಲಿ ಮೈಸೂರು ಸರ್ಕಾರವೂ ೧೯೬೨ರಲ್ಲಿ ಕೇಂದ್ರ ಸರ್ಕಾರವೂ ವಹಿಸಿಕೊಂಡವು; ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಏರ್ಪಟ್ಟಿತು. ನೂರಿಪ್ಪತ್ತು ವರ್ಷಗಳಲ್ಲಿ ಎಂಟುನೂರು ಟನ್ನಿನಷ್ಟು ಚಿನ್ನವನ್ನು ಕೊಟ್ಟ ಮೇಲೆ, ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದವು. ಚಿನ್ನ ಹೊರಟುಹೋಯಿತು, ಉಳಿದದ್ದು ಕಲ್ಲನ್ನು ಅರೆದು ಸೈನೈಡಿನಿಂದ ತೊಳೆದ ಮೇಲೆ ಸುರಿದ ಪುಡಿ. ಮೂರು ಕೋಟಿ ಟನ್ನಿಗೂ ಮಿಕ್ಕ ಈ ಪುಡಿ ಊರಿನ ಉದ್ದಕ್ಕೂ ಹದಿಮೂರು ದಿಬ್ಬಗಳಾಗಿ ನಿಂತಿದೆ. ಜನರು ಅದನ್ನು ಸೈನೈಡ್ ಗುಡ್ಡವೆನ್ನುವರು. ಹುಲ್ಲು ಹತ್ತದ ಆ ಬೂದುಬಣ್ಣದ ಇಳಿಜಾರುಗಳ ಮೇಲೆ ಎಳೆಬಿಸಿಲು ಬಿದ್ದಾಗ ಅವು ಮರುಭೂಮಿಯ ಮರಳುದಿಣ್ಣೆಗಳಂತೆ ಹೊಂಬಣ್ಣಕ್ಕೆ ತಿರುಗುತ್ತವೆ. ಗಣಿಯ ಹೆಸರನ್ನೇ ಇಟ್ಟುಕೊಂಡು ೨೦೧೮ರಲ್ಲಿ ತೆರೆಕಂಡ ಚಲನಚಿತ್ರವೊಂದರ ಕೆಲವು ಭಾಗಗಳು ಇಲ್ಲಿ ಚಿತ್ರಿತವಾದ ಬಳಿಕ, ದೂರದಿಂದ ಬರುವವರಿಗೆ ಸೂರ್ಯೋದಯವನ್ನು ಈ ದಿಬ್ಬಗಳ ಮೇಲೇರಿ ನೋಡುವ ಆಸೆ ಸಹಜವಾಗಿ ಹುಟ್ಟುತ್ತದೆ. ಏರುವುದು ಸುಲಭ, ದಾರಿ ಹತ್ತಿರ, ಪೂರ್ವದಿಕ್ಕು ತೆರೆದಿದೆ.

ಆದರೂ ಅದು ಸರಿಯಾದ ಆಯ್ಕೆಯಲ್ಲ. ಗಾಳಿಯ ಕಾಲದಲ್ಲಿ ಆ ದಿಬ್ಬಗಳಿಂದ ಎದ್ದ ನಯವಾದ ಧೂಳು ಮನೆಮನೆಯ ನೀರಿನ ಪಾತ್ರೆಯ ಮೇಲೂ ಒಣಗಹಾಕಿದ ಬಟ್ಟೆಯ ಮೇಲೂ ಕೂರುತ್ತದೆ. ಊರಿನವರ ಉಸಿರಿನ ಬೇನೆಗಳಿಗೆ ಅದೂ ಕಾರಣವೆಂಬ ದೂರು ಹಳೆಯದು. ಮಳೆಯಲ್ಲಿ ಕೊರೆದ ಅಂಚುಗಳು ಕಾಲಡಿಯಲ್ಲಿ ಕುಸಿಯುತ್ತವೆ. ಊರಿನ ಮಕ್ಕಳ ಎದೆಗೆ ಭಾರವಾದುದನ್ನು ಅತಿಥಿಯು ಒಂದು ಬೆಳಗಿನ ಚೆಲುವಿಗಾಗಿ ಕೆದಕಿ ಹೋಗುವುದು ಒಳ್ಳೆಯ ಅತಿಥಿಯ ಲಕ್ಷಣವಲ್ಲ. ಮೇಲಾಗಿ ಆ ಗುಡ್ಡಗಳು ಶಾಶ್ವತವೂ ಅಲ್ಲ. ಪುಡಿಯಲ್ಲಿ ಉಳಿದಿರುವ ಚಿನ್ನವನ್ನು ಮತ್ತೆ ತೆಗೆಯುವ ಕೇಂದ್ರದ ಯೋಜನೆಗೆ ೨೦೨೪ರ ಜೂನ್ ತಿಂಗಳಿನಲ್ಲಿ ರಾಜ್ಯದ ಮಂತ್ರಿಮಂಡಲವು ಒಪ್ಪಿಗೆಯನ್ನು ಕೊಟ್ಟಿತು. ಮನುಷ್ಯರು ಸುರಿದ ಬೆಟ್ಟವನ್ನು ಮನುಷ್ಯರೇ ತೋಡಿ ಸಾಗಿಸುವ ದಿನ ಬಂದೀತು.

ಹಾಗಾದರೆ ಉಳಿಯುವುದು ವಾರೆನ್ನನ ಕಿವಿಗೆ ಬಿದ್ದ ಬೆಟ್ಟವೇ. ಗಣಿಗಳ ಸಾಲಿಗೆ ಪಶ್ಚಿಮದಲ್ಲಿ, ಉತ್ತರದಿಂದ ದಕ್ಷಿಣಕ್ಕೆ, ತಗ್ಗಾದ ಒಂದು ಬೆಟ್ಟಸಾಲು ಹಾದಿದೆ. ಬೇಟರಾಯನ ಬೆಟ್ಟ ಅದರಲ್ಲಿ ಎದ್ದು ಕಾಣುವುದು. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಯನ್ನು ಮೀರಿದ್ದರೂ, ಊರೇ ಎರಡು ಸಾವಿರದ ಏಳುನೂರು ಅಡಿಯ ಮೇಲಿರುವುದರಿಂದ, ಹತ್ತಬೇಕಾದದ್ದು ಕೆಲವು ನೂರು ಅಡಿ ಮಾತ್ರ. ನಂದಿಯ ಮುಂದೆ ಇದು ದಿಣ್ಣೆ. ಆದರೆ ಚಿನ್ನದ ಎಳೆಯೂ ಉತ್ತರದಿಂದ ದಕ್ಷಿಣಕ್ಕೆ, ಗಣಿಗಳ ಸಾಲೂ ಹಾಗೆಯೇ, ರೈಲಿನ ಕವಲು ಕೊರಮಂಡಲ, ಊರಿಗಾಂ, ಚಾಂಪಿಯನ್, ಮಾರಿಕುಪ್ಪ ಎಂದು ಸಾಗುವುದೂ ಹೆಚ್ಚುಕಡಮೆ ಹಾಗೆಯೇ. ಬೆಟ್ಟವು ಇವೆಲ್ಲದರ ಪಶ್ಚಿಮಕ್ಕಿದೆ. ಆದ್ದರಿಂದ ಅಲ್ಲಿ ಪೂರ್ವಾಭಿಮುಖವಾಗಿ ನಿಂತವನಿಗೂ ಮೂಡುವ ಸೂರ್ಯನಿಗೂ ನಡುವೆ ಚಿನ್ನದ ನಾಡೆಲ್ಲ ಅಡ್ಡಲಾಗಿ ಮಲಗಿರುತ್ತದೆ. ಬೇರೆ ಯಾವ ಬೆಟ್ಟಕ್ಕೂ ಈ ಗುಣವಿಲ್ಲ.

ಕಾಲವನ್ನೂ ಆರಿಸಿಕೊಳ್ಳಬೇಕು. ಮಳೆ ನಿಂತು ಧೂಳಡಗಿದ ದೀಪಾವಳಿಯಿಂದ ಶಿವರಾತ್ರಿಯವರೆಗಿನ ದಿನಗಳು ಪ್ರಶಸ್ತ. ಜನವರಿಯ ಕೊನೆಯಲ್ಲಿ ಸೂರ್ಯನು ಮೂಡುವುದು ಆರೂಮುಕ್ಕಾಲು ಗಂಟೆಯ ಹತ್ತಿರ; ಜೂನ್ ಮೊದಲಲ್ಲಿ ಆರು ಗಂಟೆಗೆ ಹತ್ತು ನಿಮಿಷ ಮೊದಲು. ಸೂರ್ಯನು ಪೂರ್ವದ ನೇರದಲ್ಲಿ ಮೂಡುವುದು ವರ್ಷಕ್ಕೆ ಎರಡೇ ದಿನ. ಈ ಅಕ್ಷಾಂಶದಲ್ಲಿ ಡಿಸೆಂಬರಿನ ಕೊನೆಗೆ ಅವನು ಪೂರ್ವದಿಂದ ಇಪ್ಪತ್ತನಾಲ್ಕು ಡಿಗ್ರಿ ದಕ್ಷಿಣಕ್ಕೆ, ಮಾರಿಕುಪ್ಪದ ಕಡೆಗೆ ಸರಿದಿರುತ್ತಾನೆ; ಜೂನಿನ ಕೊನೆಗೆ ಅಷ್ಟೇ ಉತ್ತರಕ್ಕೆ, ಬೇತಮಂಗಲದ ಕಡೆಗೆ. ಬೇತಮಂಗಲದ ಕೆರೆ ಪಾಲಾರು ನದಿಯದು. ಬಾಣರ ಕಾಲದಲ್ಲಿ ವಿಜಯಾದಿತ್ಯಮಂಗಲವೆಂಬ ಹೆಸರಿದ್ದ ಊರು ಅದು. ಗಣಿಯ ಊರು ಬಹುಕಾಲ ಕುಡಿದದ್ದು ಆ ನೀರನ್ನೇ. ಹೀಗೆ ಒಂದು ಅಯನದಿಂದ ಇನ್ನೊಂದು ಅಯನಕ್ಕೆ ಸೂರ್ಯನು ಈ ನಾಡಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳಿಟ್ಟು ತೋರಿಸುತ್ತ ಹೋಗುತ್ತಾನೆ. ನೋಡಬೇಕೆನ್ನುವವನು ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು, ಸೂರ್ಯೋದಯಕ್ಕೆ ಒಂದು ಗಳಿಗೆಯಾದರೂ ಮುಂಚೆ ನೆತ್ತಿಯನ್ನು ಸೇರಿರಬೇಕು. ಈ ಸೀಮೆಯಲ್ಲಿ ಮುಂಬೆಳಗು ತಂಗುವುದು ಅಷ್ಟೇ ಹೊತ್ತು.

ಆ ಒಂದು ಗಳಿಗೆಯಲ್ಲಿಯೇ ನಿಜವಾದ ನೋಟವಿರುವುದು. ಮೊದಲು ಕೆಳಗೆ ದೀಪಗಳ ಸಾಲು. ಆಮೇಲೆ ಶಾಫ್ಟುಗಳ ಕಬ್ಬಿಣದ ಗೋಪುರಗಳಲ್ಲಿ ಉಳಿದಿರುವವುಗಳ ಕರಿಯ ರೇಖೆ. ಆಮೇಲೆ ದಿಬ್ಬಗಳ ಬಿಳಿಚು. ಅಷ್ಟರಲ್ಲಿ ಊರಿನಿಂದ ಬೆಂಗಳೂರಿಗೆ ಹೋಗುವ ರೈಲುಗಳು ಹೊರಟಿರುತ್ತವೆ. ಗಣಿಗಳು ಮುಚ್ಚಿದ ಮೇಲೆ ಸಾವಿರಾರು ಮಂದಿ ಗಂಡಸರು, ಹೆಂಗಸರು, ನಸುಕಿನಲ್ಲಿಯೇ ಬುತ್ತಿ ಕಟ್ಟಿಕೊಂಡು ಬಂಗಾರಪೇಟೆಯ ಮೇಲೆ ನಗರಕ್ಕೆ ಹೋಗಿ ದುಡಿದು, ಕತ್ತಲಾದ ಮೇಲೆ ಮನೆಗೆ ಮರಳುವರು. ತಾತಂದಿರು ಸೂರ್ಯನು ಮೂಡುವ ವೇಳೆಗೆ ಭೂಮಿಯೊಳಗೆ ಇಳಿದಿರುತ್ತಿದ್ದರು. ಮೊಮ್ಮಕ್ಕಳು ಸೂರ್ಯನು ಮೂಡುವ ವೇಳೆಗೆ ರೈಲಿನಲ್ಲಿ ಕುಳಿತಿರುತ್ತಾರೆ. ರಾಜ್ಯದಲ್ಲಿಯೇ ಮೊದಲು ಬೆಳಕು ಬೀಳುವ ಊರುಗಳಲ್ಲಿ ಒಂದಾದರೂ, ಅಲ್ಲಿಯವರಿಗೆ ತಮ್ಮೂರಿನ ಸೂರ್ಯೋದಯ ಭಾನುವಾರದ ಭಾಗ್ಯ.

ನಂದಿಯ ಮೇಲೆ ಕಾಣುವುದು ಮೋಡದ ಮೇಲಿನ ಸೂರ್ಯ. ಆವಣಿಯ ಮೇಲೆ ಕಾಣುವುದು ಕೆರೆಯೊಳಗಿನ ಸೂರ್ಯ. ಬೇಟರಾಯನ ಬೆಟ್ಟದ ಮೇಲೆ ಕಾಣುವುದು ಕೂಲಿಯವರ ಮನೆಗಳ ಸೂರಿನ ಮೇಲಿನ ಸೂರ್ಯ. ಮೂರೂ ಒಬ್ಬನೇ ಸೂರ್ಯನೆಂಬುದು ನಿಜವಾದರೂ, ಈ ನಾಡಿಗೆ ಬಂದವನು ನೋಡದೆ ಹೋಗಬಾರದ ಸೂರ್ಯ ಕೊನೆಯವನು.